ಬುದ್ಧಿ ಕಡಿಮೆಯಾದರೆ ಜೀವವೂ ಅಗ್ಗವೇ?

ಕಳೆದ ತಿಂಗಳು ಒಂದು ಸಂಜೆ ನಮ್ಮ ಪತ್ರಿಕೆಯ ಕಚೇರಿಗೆ ಒಬ್ಬ ತಾಯಿ ತಮ್ಮ ಮಗನನ್ನು ಕರೆದುಕೊಂಡು ಬಂದಿದ್ದರು. ಆಕೆಗೆ 62 ವರ್ಷ. ಯಜಮಾನರು ಗಿರಣಿಯ ನೂಲುವ ಖಾತೆಯಲ್ಲಿ ದುಡಿದು, ನಿವೃತ್ತಿಗೆ ಮೊದಲೇ ತೀರಿಕೊಂಡವರು. ಮಗನಿಗೆ 31. ವೈದ್ಯರು ಕೊಟ್ಟ ಸರ್ಟಿಫಿಕೇಟಿನಲ್ಲಿ ‘ಬೌದ್ಧಿಕ ಅಂಗವೈಕಲ್ಯ’ ಎಂದಿದೆ. ಓಣಿಯ ಜನ ಅವನನ್ನು ಕರೆಯುವ ಹೆಸರು ಬೇರೆ. ಅದನ್ನು ನಾವು ಅಚ್ಚು ಮಾಡುವುದಿಲ್ಲ.

ಈ ಹುಡುಗ (ಹುಡುಗ ಎಂದು ಬರೆದುಬಿಟ್ಟೆವು, ಮೀಸೆ ನರೆಯುವ ವಯಸ್ಸಾದರೂ ಇಂಥವರನ್ನು ಊರು ಹುಡುಗನೆಂದೇ ಕರೆಯುತ್ತದೆ, ನಾವೂ ಅದೇ ಊರಿನವರು) ಧಾನ್ಯದ ಮಂಡಿಯೊಂದರಲ್ಲಿ ಗೋಣಿಚೀಲದ ಬಾಯಿ ಹೊಲಿಯುತ್ತಾನೆ. ಬೆಳಿಗ್ಗೆ ದಬ್ಬಣ ಹಿಡಿದು ಕುಳಿತರೆ ಕತ್ತಲಾಗುವವರೆಗೆ ಏಳುವವನಲ್ಲ. ನೂರು ರೂಪಾಯಿ ಕೊಟ್ಟು ಚಿಲ್ಲರೆ ಕೇಳಿದರೆ ಲೆಕ್ಕ ತಪ್ಪುತ್ತದೆ, ಆದರೆ ಅವನು ಹೊಲಿದ ಚೀಲ ಲಾರಿಯಲ್ಲಿ ಬಿಚ್ಚಿಕೊಂಡದ್ದನ್ನು ಇದುವರೆಗೆ ಕಂಡಿಲ್ಲವೆಂದು ಮಂಡಿಯ ಹಮಾಲರೇ ನಮಗೆ ಹೇಳಿದರು. ವಾರದ ಬಟವಾಡೆಯನ್ನು ಹಾಗೆಯೇ ತಂದು ತಾಯಿಯ ಕೈಗೆ ಹಾಕುತ್ತಾನೆ. ಆಕೆಯ ವಿಧವಾ ಪಿಂಚಣಿ ಮನೆಬಾಡಿಗೆಗೂ ಸಾಲದು. ಒಲೆ ಉರಿಯುವುದು ಮಗನ ದಬ್ಬಣದಿಂದ.

ಆಕೆ ಕೇಳಿದ್ದು ಇಷ್ಟೇ: ಮಗನ ಜೀವದ ಮೇಲೆ ಒಂದು ಸಣ್ಣ ಪಾಲಿಸಿ. ಒಂದು ವಿಮಾ ಸಂಸ್ಥೆಯ ಏಜೆಂಟರು ಮೊದಲು ನಕ್ಕು, “ಅಮ್ಮಾ, ಪಾಲಿಸಿ ನಿಮ್ಮ ಹೆಸರಿಗೆ ಮಾಡಿಸಿ, ನೀವು ಹೋದ ಮೇಲೆ ಇವನಿಗೆ ಹಣ ಬರಲಿ. ಇವನ ಹೆಸರಿಗೆ ಯಾಕೆ?” ಎಂದರಂತೆ. “ಸ್ವಾಮೀ, ಇವನೇ ಮೊದಲು ಹೋದರೆ ನನಗೆ ಅನ್ನ ಹಾಕೋರು ಯಾರು?” ಎಂದು ಆಕೆ ಕೇಳಿದಾಗ ಏಜೆಂಟರಲ್ಲಿ ಉತ್ತರವಿರಲಿಲ್ಲ. ಅರ್ಜಿ ಶಾಖೆಗೆ ಹೋಯಿತು, ಹೋದಂತೆಯೇ ಹಿಂದಿರುಗಿತು. ಕಾರಣವನ್ನು ಕಾಗದದ ಮೇಲೆ ಬರೆದುಕೊಡಲಿಲ್ಲ, ಬಾಯಿಮಾತಿನಲ್ಲಿ ಎರಡು ಹೇಳಿದರು. ಇವನಿಗೆ ಒಪ್ಪಂದದ ಅರ್ಥ ತಿಳಿಯುವುದಿಲ್ಲ, ಇದು ಮೊದಲನೆಯದು. ಇವನಿಗೆ ರುಜುವಾತುಳ್ಳ ವರಮಾನವಿಲ್ಲ, ಆದ್ದರಿಂದ ಇವನ ಸಾವಿನಿಂದ ಯಾರಿಗೂ ನಷ್ಟವಿಲ್ಲ, ಇದು ಎರಡನೆಯದು.

ಎರಡನೆಯ ಮಾತನ್ನು ಆ ತಾಯಿ ನಮ್ಮೆದುರು ಹೇಳುವಾಗ ಮಗ ಪಕ್ಕದಲ್ಲೇ ಕುಳಿತಿದ್ದ. ಅವನಿಗೆ ಅರ್ಥವಾಯಿತೋ ಇಲ್ಲವೋ, ತಲೆ ತಗ್ಗಿಸಿದ್ದಂತೂ ನಿಜ.

ಮೊದಲ ಕಾರಣವನ್ನೇ ಮೊದಲು ನೋಡೋಣ. 1872ರ ಒಪ್ಪಂದ ಕಾಯಿದೆಯ 11 ಮತ್ತು 12ನೆಯ ಕಲಮುಗಳ ಪ್ರಕಾರ ಒಪ್ಪಂದ ಮಾಡಿಕೊಳ್ಳುವವನು ಸ್ವಸ್ಥಚಿತ್ತನಾಗಿರಬೇಕು. ಆ ಹೊತ್ತಿನಲ್ಲಿ ಒಪ್ಪಂದವನ್ನು ತಿಳಿದುಕೊಂಡು, ಅದರಿಂದ ತನಗಾಗುವ ಒಳಿತು ಕೆಡುಕನ್ನು ತೂಗಿ ನೋಡುವ ಶಕ್ತಿ ಅವನಿಗಿರಬೇಕು. ಒಳ್ಳೆಯದು. ಆದರೆ ವೈದ್ಯರ ಸರ್ಟಿಫಿಕೇಟು ಇದ್ದವನಿಗೆಲ್ಲ ಆ ಶಕ್ತಿ ಇಲ್ಲವೆಂದು ಕಾಯಿದೆ ಎಲ್ಲಿಯೂ ಹೇಳಿಲ್ಲ. ಎದುರಿಗಿರುವ ಮನುಷ್ಯನನ್ನು, ಎದುರಿಗಿರುವ ಒಪ್ಪಂದವನ್ನು ನೋಡಿ ತೀರ್ಮಾನಿಸಬೇಕಾದ ಮಾತು ಅದು. “ನಾನು ವರ್ಷ ವರ್ಷ ಹಣ ಕಟ್ಟುತ್ತೇನೆ, ನಾನು ಸತ್ತರೆ ಅಮ್ಮನಿಗೆ ಹಣ ಬರುತ್ತದೆ” ಎಂಬುದನ್ನು ಈ ಮಗ ತನ್ನದೇ ಮಾತಿನಲ್ಲಿ ನಮಗೆ ಹೇಳಿದ. ಜೀವವಿಮೆಯ ತಿರುಳು ಇದಕ್ಕಿಂತ ಹೆಚ್ಚೇನಿದೆ?

ಇನ್ನು ಪಾಲಿಸಿಯ ಹಿಂಬದಿಯ ಸಣ್ಣಕ್ಷರದ ಷರತ್ತುಗಳನ್ನು ಓದಿ ತಿಳಿದುಕೊಂಡವನಿಗೆ ಮಾತ್ರ ವಿಮೆ ಎನ್ನುವುದಾದರೆ, ಓದುಗರೇ, ನಮ್ಮಲ್ಲಿ ಎಷ್ಟು ಜನಕ್ಕೆ ಪಾಲಿಸಿ ಸಿಕ್ಕೀತು? ಆ ತಾಯಿ ಹೇಳಿದ ಮಾತನ್ನು ಹಾಗೆಯೇ ಕೊಡುತ್ತೇವೆ: “ನಮ್ಮ ಯಜಮಾನರಿಗೆ ಆ ಫಾರಂ ಓದೋಕೆ ಬರ್ತಿತ್ತಾ? ಏಜೆಂಟರು ಬೆರಳಿಟ್ಟು ತೋರಿಸಿದ ಕಡೆ ಹೆಬ್ಬೆಟ್ಟು ಒತ್ತಿದರು. ಅವರ ಪಾಲಿಸಿ ನಡೀತು, ಇವನದು ಯಾಕೆ ನಡೆಯೋದಿಲ್ಲ?” ಗಿರಣಿಯ ಗೇಟಿನ ಮುಂದೆ ಪಾಳಿ ಬಿಡುವ ಹೊತ್ತಿಗೆ ನಿಂತು ಏಜೆಂಟರು ತುಂಬಿಸಿದ ಅರ್ಜಿಗಳನ್ನು ನಾವು ಕಣ್ಣಾರೆ ಕಂಡಿದ್ದೇವೆ. ಸಹಿ ಹಾಕಿದವನಿಗೆ ಕಂತಿನ ಮೊತ್ತ ಬಿಟ್ಟು ಬೇರೇನೂ ತಿಳಿಯದು. ಆಗ ಯಾವ ಸಂಸ್ಥೆಯೂ ತಿಳಿವಳಿಕೆಯ ಪರೀಕ್ಷೆ ಮಾಡಲಿಲ್ಲ.

ಹುಟ್ಟಿ 90 ದಿನವಾದ ಕೂಸಿನ ಹೆಸರಿಗೆ ಪಾಲಿಸಿ ಬರೆಯುವ ಯೋಜನೆಗಳೂ ನಮ್ಮ ದೇಶದಲ್ಲಿವೆ. ಕೂಸಿನ ಜೀವದ ಹೊಣೆ ಶುರುವಾಗುವುದು ಕೆಲವು ವರ್ಷ ಕಳೆದ ಮೇಲೆ, ನಿಜ. ಆದರೂ ಎಂಟು ವರ್ಷದ ಮಗು ಒಪ್ಪಂದವನ್ನು ತೂಗಿ ನೋಡುತ್ತದೆಯೇ? ಅದಕ್ಕೆ ವರಮಾನದ ರುಜುವಾತು ಇದೆಯೇ? ಅಲ್ಲಿ ತಂದೆತಾಯಿ ಮುಂದೆ ನಿಂತು ಸಹಿ ಹಾಕಬಹುದು, ಇಲ್ಲಿ ಹಾಕಬಾರದು! ಈ ತರ್ಕ ನಮಗಂತೂ ತಿಳಿಯಲಿಲ್ಲ.

ಕಾಯಿದೆಯೂ 1872ರಲ್ಲಿ ನಿಂತಿಲ್ಲ. 2007ರ ಅಕ್ಟೋಬರ್ 1ರಂದು ಭಾರತವು ಅಂಗವಿಕಲರ ಹಕ್ಕುಗಳ ವಿಶ್ವಸಂಸ್ಥೆಯ ಒಡಂಬಡಿಕೆಗೆ ಒಪ್ಪಿಗೆ ಮುದ್ರೆ ಒತ್ತಿತು. ಅದರ 25ನೆಯ ವಿಧಿಯಲ್ಲಿ ಆರೋಗ್ಯ ವಿಮೆಯ ಜೊತೆಗೆ ಜೀವವಿಮೆಯ ಹೆಸರೂ ಇದೆ. ಅದನ್ನು ನ್ಯಾಯವಾಗಿ, ಸಮಂಜಸವಾಗಿ ಒದಗಿಸಬೇಕು, ಭೇದ ಮಾಡಬಾರದು ಎಂದಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 13ನೆಯ ಕಲಮು, ಬಾಳಿನ ಎಲ್ಲ ವ್ಯವಹಾರಗಳಲ್ಲೂ ಅಂಗವಿಕಲರಿಗೆ ಇತರರಿಗೆ ಸಮನಾದ ಕಾನೂನು ಯೋಗ್ಯತೆ ಇದೆಯೆಂದು ಸಾರುತ್ತದೆ. 14ನೆಯದು, ನೆರವು ಬೇಕಾದ ಕಡೆ ಪಾಲಕನೂ ಆ ವ್ಯಕ್ತಿಯೂ ಕೂಡಿ ಕುಳಿತು ತೀರ್ಮಾನ ಮಾಡುವ ‘ಸೀಮಿತ ಪಾಲಕತ್ವ’ವನ್ನು ತಂದಿದೆ. 24ನೆಯದರಲ್ಲಿ, ಇ.ಎಸ್.ಐ. ಮೊದಲಾದ ಯೋಜನೆಗಳ ಹೊರಗುಳಿದ ಅಂಗವಿಕಲರಿಗೆ ಸಮಗ್ರ ವಿಮಾ ಯೋಜನೆ ಮಾಡಬೇಕೆಂಬ ಮಾತೂ ಇದೆ. ಶಾಸನಸಭೆಯಲ್ಲಿ ಬರೆದದ್ದು ಶಾಖಾ ಕಚೇರಿಯ ಮೇಜಿಗೆ ಬಂದು ಮುಟ್ಟಿಲ್ಲ, ಅಷ್ಟೆ.

ಆರೋಗ್ಯ ವಿಮೆಯಲ್ಲಿ ಒಂದು ಹೆಜ್ಜೆಯಾದರೂ ಮುಂದೆ ಬಿದ್ದಿದೆ. 2022ರ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟು ಅಂಗವಿಕಲರೊಬ್ಬರ ಅರ್ಜಿಯ ಮೇಲೆ ಕಟುವಾಗಿ ಮಾತನಾಡಿತು. 2023ರ ಫೆಬ್ರವರಿಯಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು, ಆರೋಗ್ಯ ವಿಮೆ ಮಾರುವ ಪ್ರತಿ ಸಂಸ್ಥೆಯೂ ಅಂಗವಿಕಲರಿಗೆಂದು ಒಂದು ಪಾಲಿಸಿ ಇಡಲೇಬೇಕೆಂದು ಸುತ್ತೋಲೆ ಹೊರಡಿಸಿತು. ಕಾಯಿಲೆ ಬಿದ್ದರೆ ಆಸ್ಪತ್ರೆಯ ಬಿಲ್ಲಿಗೆ ವಿಮೆ ಉಂಟು. ಸತ್ತರೆ? ಆ ಸುತ್ತೋಲೆಯಲ್ಲಿ ಜೀವವಿಮೆಯ ಮಾತಿಲ್ಲ.

ಈಗ ಎರಡನೆಯ ಕಾರಣ. ಇದೇ ನಮ್ಮನ್ನು ಹೆಚ್ಚು ಕೆಣಕಿದ್ದು.

ಮನುಷ್ಯನ ಜೀವಕ್ಕೆ ಅವನ ಸಂಬಳದ ಚೀಟಿಯೇ ಬೆಲೆ ಎಂಬ ಲೆಕ್ಕ ವಿಮಾ ವ್ಯಾಪಾರದಲ್ಲಿ ಹಳೆಯದು. ಈ ಲೆಕ್ಕದ ಏಟು ತಿಂದವರು ಅಂಗವಿಕಲರೊಬ್ಬರೇ ಅಲ್ಲ. ಜೀವವಿಮಾ ನಿಗಮವು ಒಂದು ಕಾಲಕ್ಕೆ 58ನೆಯ ಕೋಷ್ಟಕದ ಅಗ್ಗದ ಅವಧಿ ವಿಮೆಯನ್ನು ಸರಕಾರಿ, ಅರೆಸರಕಾರಿ ನೌಕರರಿಗೆ ಮತ್ತು ಹೆಸರಾಂತ ಕಂಪನಿಗಳ ಸಂಬಳದಾರರಿಗೆ ಮಾತ್ರ ಮೀಸಲಿಟ್ಟಿತ್ತು. ಅಂಗಡಿ ಇಟ್ಟವನಿಗಿಲ್ಲ, ಕೂಲಿಯವನಿಗಿಲ್ಲ, ರೈತನಿಗಿಲ್ಲ. 1995ರಲ್ಲಿ ಸುಪ್ರೀಂ ಕೋರ್ಟು ಈ ಷರತ್ತು ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪಿತ್ತು. ವಿಮೆ ಎಂಬುದು ಖಾಸಗಿ ಒಪ್ಪಂದ, ಯಾರಿಗೆ ಕೊಡಬೇಕೆಂಬುದು ನಮ್ಮ ಇಷ್ಟ ಎಂಬ ವಾದ ಅಂದು ಸೋತಿತು. ನಮ್ಮ ಓದುಗರಾದ ಸಣ್ಣ ವ್ಯಾಪಾರಿಗಳು ಇದನ್ನು ನೆನಪಿನಲ್ಲಿಡಬೇಕು. “ನಿನಗೆ ಗೊತ್ತಾದ ವರಮಾನವಿಲ್ಲ” ಎಂದು ಅಂದು ಅವರಿಗೆ ಬಾಗಿಲು ಹಾಕಿದ ಮಾತೇ ಇಂದು ಚೀಲ ಹೊಲಿಯುವ ಈ ಮಗನಿಗೆ ಹಾಕುತ್ತಿದೆ.

ವಿಮಾ ಪ್ರಾಧಿಕಾರವೇ 2002ರಲ್ಲಿ ಮಾಡಿದ ನಿಯಮಗಳಲ್ಲಿ, ಕಂಪನಿಗಳು ‘ಸಾಮಾಜಿಕ ವಲಯ’ದ ಇಷ್ಟು ಜನಕ್ಕೆ ವಿಮೆ ಮಾಡಿಸಲೇಬೇಕೆಂದು ವಿಧಿಸಿದಾಗ, ಆ ವಲಯದೊಳಗೆ ಸಂಪಾದನೆಯ ಉದ್ಯೋಗವಿಲ್ಲದ ಅಂಗವಿಕಲರನ್ನೂ ಅವರ ಪಾಲಕರನ್ನೂ ಸ್ಪಷ್ಟವಾಗಿ ಸೇರಿಸಿತ್ತು. ಉದ್ಯೋಗವಿಲ್ಲದವನಿಗೂ ವಿಮೆ ಸಲ್ಲುತ್ತದೆಂದು ಅಂದೇ ಒಪ್ಪಿದ ಮೇಲೆ, ಉದ್ಯೋಗವಿದ್ದವನಿಗೆ ರಸೀದಿ ಇಲ್ಲವೆಂದು ಬಾಗಿಲು ಹಾಕುವುದು ಯಾವ ನ್ಯಾಯ? ರಸೀದಿ ಕೊಡದವರು ಮಂಡಿಯ ಸಾಹುಕಾರರು. ದಂಡ ತೆರುವವನು ಚೀಲ ಹೊಲಿಯುವವನು.

ಒಂದು ವಿಚಿತ್ರವನ್ನು ಇಲ್ಲಿಯೇ ಹೇಳಬೇಕು. 1995ರ ನೌಕರರ ಪಿಂಚಣಿ ಯೋಜನೆಯಲ್ಲಿ, ಸತ್ತ ಕಾರ್ಮಿಕನ ಮಗ ಅಥವಾ ಮಗಳು ಶಾಶ್ವತವಾಗಿ, ಪೂರ್ಣವಾಗಿ ಅಶಕ್ತರಾಗಿದ್ದರೆ ವಯಸ್ಸಿನ ಮಿತಿಯಿಲ್ಲದೆ ಜೀವಮಾನವಿಡೀ ಪಿಂಚಣಿ ಕೊಡಬೇಕೆಂಬ ಒಳ್ಳೆಯ ವಿಧಿಯಿದೆ. ಈ ಮಗ ಅದನ್ನು ಕೇಳಿದರೆ, ಮಂಡಿಯಲ್ಲಿ ಕುಳಿತು ದುಡಿಯುವವನು ಪೂರ್ಣ ಅಶಕ್ತ ಹೇಗಾದಾನು ಎಂಬ ಪ್ರಶ್ನೆ ಏಳುತ್ತದೆ. ವಿಮೆ ಕೇಳಿದರೆ ದುಡಿಯಲಾರದವನು, ಪಿಂಚಣಿ ಕೇಳಿದರೆ ದುಡಿಯುವವನು. ಎರಡು ಮೇಜು, ಎರಡು ತಕ್ಕಡಿ, ತೂಗಿಸಿಕೊಳ್ಳುವವನೊಬ್ಬನೇ.

ಎದುರು ಪಕ್ಷದ ಮಾತನ್ನೂ ಕೇಳಬೇಕಲ್ಲವೇ? ವಿಮಾ ವ್ಯವಹಾರ ಬಲ್ಲ ಮಿತ್ರರೊಬ್ಬರು ನಮ್ಮೊಡನೆ ವಾದಿಸಿದರು. ಇಂಥವರಲ್ಲಿ ಕೆಲವರ ಆಯುಷ್ಯ ಕಡಿಮೆ, ಅದು ಪಾಲಿಸಿದಾರರೆಲ್ಲರ ನಿಧಿಗೆ ಹೊರೆ ಎಂದರು. ಕೆಲವರದು ಕಡಿಮೆಯೆಂಬುದನ್ನು ನಾವು ಒಪ್ಪುತ್ತೇವೆ. ಹುಟ್ಟಿನಿಂದ ಹೃದಯದ ದೋಷವಿರುವವರುಂಟು, ಮೂರ್ಛೆರೋಗವಿರುವವರುಂಟು. ಹಾಗಿದ್ದರೆ ಹೃದಯವನ್ನು ಪರೀಕ್ಷಿಸಲಿ, ಮೂರ್ಛೆಯ ಬಗ್ಗೆ ಕೇಳಲಿ. ಸಕ್ಕರೆ ಕಾಯಿಲೆಯವರಿಗೆ, ರಕ್ತದ ಒತ್ತಡದವರಿಗೆ ಹೆಚ್ಚಿನ ಕಂತು ಹಾಕಿ ಪಾಲಿಸಿ ಕೊಡುವ ಪದ್ಧತಿ ಇದ್ದೇ ಇದೆ. ಅದೇ ತಕ್ಕಡಿಯಲ್ಲಿ ಇವರನ್ನೂ ತೂಗಲಿ. ಲೆಕ್ಕ ನಿಧಾನ ಎಂಬ ಒಂದೇ ಕಾರಣಕ್ಕೆ ಯಾರ ಹೃದಯವೂ ಬೇಗ ನಿಲ್ಲುವುದಿಲ್ಲ. ಅಲ್ಲದೆ ಕಾಲವೂ ಬದಲಾಗಿದೆ. ಡೌನ್ ಸಿಂಡ್ರೋಮ್ ಎಂಬ ಸ್ಥಿತಿಯಲ್ಲಿ ಹುಟ್ಟಿದವರು 1980ರ ದಶಕದಲ್ಲಿ ಅಮೆರಿಕದಂಥ ದೇಶದಲ್ಲೂ ಸರಾಸರಿ 25 ವರ್ಷ ಬದುಕುತ್ತಿದ್ದರು. ಈಗ ಅದು ಅಲ್ಲಿ 60ರ ಹತ್ತಿರ ಬಂದಿದೆ. ಚಿಕಿತ್ಸೆ ಸಿಕ್ಕಿದ್ದರಿಂದ ಆದ ಬದಲಾವಣೆ ಅದು. ಹಳೆಯ ನಂಬಿಕೆಯನ್ನೇ ಕೋಷ್ಟಕವೆಂದು ಹಿಡಿದು ಕೂಡುವುದು ಗಣಿತವಲ್ಲ.

ಮಿತ್ರರ ಇನ್ನೊಂದು ಮಾತು ಗಟ್ಟಿಯಾದದ್ದು. ಅಸಹಾಯಕನ ಜೀವದ ಮೇಲೆ ದೊಡ್ಡ ಮೊತ್ತದ ಪಾಲಿಸಿ ಮಾಡಿಸಿ, ಹಣದಾಸೆಗೆ ಅವನಿಗೇ ಕೇಡು ಬಗೆಯುವ ನೆಂಟರಿಲ್ಲವೇ ಎಂದರು. ಇದ್ದಾರೆ. ಊರಿನಲ್ಲಿ ಬಾಳಿದ ಯಾರೂ ಇದನ್ನು ಅಲ್ಲಗಳೆಯಲಾರರು. ಅದಕ್ಕೆ ಮೊತ್ತಕ್ಕೊಂದು ಮಿತಿ ಹಾಕಲಿ. ಜೊತೆಗಿದ್ದು ಸಾಕುತ್ತಿರುವ ತಂದೆತಾಯಿಗೋ ಒಡಹುಟ್ಟಿದವರಿಗೋ ಮಾತ್ರ ಹಣ ಸಲ್ಲುವಂತೆ ಕಟ್ಟು ಮಾಡಲಿ. ಕಳ್ಳನಿದ್ದಾನೆಂದು ಬೀಗ ಹಾಕುವುದು ಸರಿ, ಮನೆಯನ್ನೇ ಕಟ್ಟಬಾರದೆನ್ನುವುದು ಸರಿಯಲ್ಲ.

ಖಾಸಗಿ ಕಂಪನಿ ಲಾಭ ನೋಡುತ್ತದೆಂದು ಸುಮ್ಮನಿರಬಹುದಿತ್ತು. ಆದರೆ ಜೀವವಿಮೆಯನ್ನು ದೇಶದ ಸ್ವತ್ತು ಮಾಡಿದ್ದು ಯಾತಕ್ಕೆ? 1956ರಲ್ಲಿ 245 ವಿಮಾ ಸಂಸ್ಥೆಗಳನ್ನು ಒಟ್ಟುಗೂಡಿಸಿ, ಆ ವರ್ಷದ ಸೆಪ್ಟೆಂಬರ್ 1ರಂದು ನಿಗಮವನ್ನು ಸ್ಥಾಪಿಸಿದ್ದು, ಪಟ್ಟಣದ ಹಣವಂತರಲ್ಲೇ ಸುತ್ತುತ್ತಿದ್ದ ವಿಮೆ ಹಳ್ಳಿಗೂ ಹಿಂದುಳಿದವರಿಗೂ ಹೋಗಲಿ ಎಂದಲ್ಲವೇ? ಅದರ ಮರುವರ್ಷವೇ ಪಾಲಿಸಿದಾರರ ಹಣದಲ್ಲಿ ಒಂದೂಕಾಲು ಕೋಟಿ ರೂಪಾಯಿ ಮುಂಧ್ರಾ ಎಂಬ ವ್ಯಾಪಾರಿಯ ಕಂಪನಿಗಳ ಷೇರಿಗೆ ಹೋದದ್ದೂ, 1958ರಲ್ಲಿ ಹಣಕಾಸು ಮಂತ್ರಿ ಟಿ. ಟಿ. ಕೃಷ್ಣಮಾಚಾರಿ ರಾಜೀನಾಮೆ ಇತ್ತದ್ದೂ ಚರಿತ್ರೆ. 2022ರ ಮೇ ತಿಂಗಳಲ್ಲಿ ನಿಗಮದ ಶೇಕಡಾ 3.5 ಪಾಲನ್ನು ಸರಕಾರ ಷೇರುಪೇಟೆಯಲ್ಲಿ ಮಾರಿತು. ಪಾಲು ಯಾರ ಕೈಗೆ ಎಷ್ಟೇ ಹೋಗಲಿ, ಹುಟ್ಟಿದ ಉದ್ದೇಶವನ್ನು ಮಾರುವಂತಿಲ್ಲ ಎಂಬುದು ನಮ್ಮ ನಿಲುವು. ಈ ದೇಶದಲ್ಲಿ ಯಾವ ಸಂಸ್ಥೆಯಾದರೂ ಮೊದಲು ಈ ಬಾಗಿಲು ತೆರೆಯಬೇಕಾದರೆ ಅದು ನಿಗಮವೇ.

ತಂದೆತಾಯಿಯ ಜೀವದ ಮೇಲೆ ಪಾಲಿಸಿ ಮಾಡಿಸಿ, ಅವರ ನಂತರ ಅಂಗವಿಕಲ ಮಕ್ಕಳಿಗೆ ಹಣ ಬರುವ ‘ಜೀವನ್ ಆಧಾರ್’ ಎಂಬ ಯೋಜನೆಯನ್ನು ನಿಗಮ ಹಿಂದೆ ನಡೆಸಿತ್ತು. ಒಳ್ಳೆಯ ಉದ್ದೇಶವೇ. ಆದರೆ ತಂದೆ ಬದುಕಿರುವವರೆಗೆ ಮಗನಿಗೆ ಕಾಸಿಲ್ಲ; ಮಗ ಉಣ್ಣಬೇಕಾದರೆ ಅಪ್ಪ ಸಾಯಬೇಕು. ಒಬ್ಬ ತಂದೆ ಇದನ್ನು ಸುಪ್ರೀಂ ಕೋರ್ಟಿನವರೆಗೆ ಒಯ್ದರು. 2019ರ ಜನವರಿಯಲ್ಲಿ ಕೋರ್ಟು ಕಾಯಿದೆಯನ್ನು ರದ್ದು ಮಾಡದಿದ್ದರೂ, ಮರುಯೋಚನೆ ಮಾಡಿರೆಂದು ಸರಕಾರಕ್ಕೆ ಹೇಳಿತು. 2022ರಲ್ಲಿ ಆದಾಯ ತೆರಿಗೆ ಕಾಯಿದೆಯನ್ನು ತಿದ್ದಿ, ಕಂತು ಕಟ್ಟಿದವರಿಗೆ 60 ವರ್ಷ ತುಂಬಿದ ಮೇಲೆ ಅವರು ಬದುಕಿದ್ದಾಗಲೇ ಮಕ್ಕಳಿಗೆ ಹಣ ಬಂದರೂ ರಿಯಾಯಿತಿ ಉಳಿಯುವಂತೆ ಮಾಡಿದರು. ತೆರಿಗೆ ಕಟ್ಟುವವರಿಗೆ ಇದರಿಂದ ಉಪಕಾರವಾಗಿದೆ. ನಮ್ಮ ನೂಲುವ ಖಾತೆಯವನಿಗೆ ತೆರಿಗೆಯೇ ಇಲ್ಲ, ರಿಯಾಯಿತಿ ಯಾತರದು?

ಹೋರಾಟ ಆಗುವವರೆಗೆ ಮನೆ ನಡೆಯಬೇಕಲ್ಲ. ಇಂದೇ ಮಾಡಬಹುದಾದ ಕೆಲವು ಕೆಲಸಗಳಿವೆ. 2015ರಲ್ಲಿ ಶುರುವಾದ ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಗೆ ವೈದ್ಯ ಪರೀಕ್ಷೆ ಬೇಡ, ವರಮಾನದ ರುಜುವಾತೂ ಬೇಡ. 18ರಿಂದ 50 ವರ್ಷದೊಳಗೆ ಸೇರಬೇಕು, ಬ್ಯಾಂಕಿನಲ್ಲೋ ಅಂಚೆ ಕಚೇರಿಯಲ್ಲೋ ಖಾತೆ ಇರಬೇಕು. 2 ಲಕ್ಷ ರೂಪಾಯಿ ವಿಮೆ, 2022ರ ಜೂನ್‌ನಿಂದ ವರ್ಷಕ್ಕೆ 436 ರೂಪಾಯಿ ಕಂತು. ಖಾತೆಯಲ್ಲೇ ತೊಡಕು ಬಂದರೆ, 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯ ಪ್ರಕಾರ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿ ಪಾಲಕರನ್ನು ನೇಮಿಸಿ ಪತ್ರ ಕೊಡುತ್ತದೆ. ಆ ಪತ್ರವನ್ನು ಬ್ಯಾಂಕುಗಳು ಮಾನ್ಯ ಮಾಡಬೇಕೆಂದು ರಿಸರ್ವ್ ಬ್ಯಾಂಕೇ ಹೇಳಿದೆ. ಮಗನಿಗೆ 18 ತುಂಬಿದ ಮೇಲೆ ಹೆತ್ತವರೂ ಕಾನೂನಿನ ಕಣ್ಣಿನಲ್ಲಿ ತಾವಾಗಿಯೇ ಪಾಲಕರಲ್ಲ ಎಂಬುದು ಎಷ್ಟೋ ಮನೆಗಳಿಗೆ ಗೊತ್ತಿಲ್ಲ.

ಅಂಗಡಿ ಇಟ್ಟವರಿಗೆ ಒಂದು ಮಾತು. 1874ರ ವಿವಾಹಿತ ಸ್ತ್ರೀಯರ ಆಸ್ತಿ ಕಾಯಿದೆಯ 6ನೆಯ ಕಲಮಿನ ಕೆಳಗೆ ಗಂಡಸು ತನ್ನ ಜೀವದ ಮೇಲೆ ಹೆಂಡತಿ ಮಕ್ಕಳಿಗೆಂದು ಪಾಲಿಸಿ ಬರೆಸಿದರೆ ಅದು ಅವರ ನ್ಯಾಸವಾಗುತ್ತದೆ. ಅಂಗಡಿ ಮುಳುಗಿ ಸಾಲ ಕೊಟ್ಟವರು ಮನೆಗೆ ಬಂದರೂ ಆ ಹಣವನ್ನು ಮುಟ್ಟುವಂತಿಲ್ಲ. ಪಾಲಿಸಿ ತೆಗೆಯುವಾಗಲೇ ಇದನ್ನು ಹೇಳಿ ಬರೆಸಬೇಕು, ನಂಬುವಂಥ ನ್ಯಾಸಧಾರಿಯ ಹೆಸರನ್ನೂ ಸೇರಿಸಬೇಕು. ಬುದ್ಧಿ ಸಾಲದ ಮಗನನ್ನು ಬರಿಯ ನಾಮಿನಿಯೆಂದು ಬರೆಸಿ ಸುಮ್ಮನಾದರೆ, ಮುಂದೆ ಹಣ ಬಂದಾಗ ಅವನ ಸುತ್ತ ಯಾರು ಕೂಡುತ್ತಾರೆಂದು ಬಿಡಿಸಿ ಹೇಳಬೇಕಿಲ್ಲ.

ಏಜೆಂಟರು “ಈ ವಿಷಯ ಫಾರಂನಲ್ಲಿ ಬರೆಯುವುದು ಬೇಡ, ನಾನು ಪಾಸು ಮಾಡಿಸುತ್ತೇನೆ” ಎಂದರೆ ಒಪ್ಪಬೇಡಿ. ಮುಚ್ಚಿಟ್ಟ ಸಂಗತಿಯ ಮೇಲೆ ಮೊದಲ 3 ವರ್ಷದೊಳಗೆ ಪಾಲಿಸಿಯನ್ನು ತಳ್ಳಿಹಾಕಲು ಕಾಯಿದೆಯಲ್ಲಿ ದಾರಿಯಿದೆ. ಕಂತೂ ಹೋಯಿತು, ಹಣವೂ ಹೋಯಿತು. ಇದ್ದದ್ದನ್ನು ಇದ್ದಂತೆ ಬರೆಯಿರಿ. ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೊಡಿ ಎಂದು ಅರ್ಜಿ ಹಾಕಿ, ಅದರ ನಕಲಿನ ಮೇಲೆ ಮೊಹರು ಹಾಕಿಸಿಕೊಳ್ಳಿ. ಆ ಕಾಗದವಿದ್ದರೆ ಅಂಗವಿಕಲರ ರಾಜ್ಯ ಆಯುಕ್ತರ ಮುಂದೆ ದೂರು ನಿಲ್ಲುತ್ತದೆ. ಬಾಯಿಮಾತಿನ ‘ಇಲ್ಲ’ ಯಾವ ಕಚೇರಿಯಲ್ಲೂ ದಾಖಲೆಯಲ್ಲ.

ನಮ್ಮ ಸಂಘಗಳ ತಪ್ಪನ್ನೂ ಹೇಳದೆ ವಿಧಿಯಿಲ್ಲ. ಬೋನಸ್ಸಿಗೆ, ತುಟ್ಟಿಭತ್ಯಕ್ಕೆ ಗೇಟಿನ ಮುಂದೆ ಕುಳಿತವರು ನಾವು. ಈ ತಾಯಿಯ ಯಜಮಾನರೂ ನಮ್ಮ ಜೊತೆ ಕುಳಿತಿದ್ದರು. ಅವರ ಪಿ.ಎಫ್. ಕಾಗದದಲ್ಲಿ ಮಗನ ಸ್ಥಿತಿಯನ್ನು ಬರೆಸಿರಣ್ಣಾ ಎಂದು ನಮ್ಮಲ್ಲಿ ಒಬ್ಬರೂ ಹೇಳಲಿಲ್ಲ. ಅಂಥ ಮಗ ಮನೆಯಲ್ಲಿದ್ದಾನೆಂಬುದೇ ನಮಗೆ ತಿಳಿದಿರಲಿಲ್ಲ. ಅವರು ಹೇಳಿಕೊಳ್ಳಲಿಲ್ಲ, ನಾವು ಕೇಳಲಿಲ್ಲ.

ಬರುವ ಗುರುವಾರ ಆ ತಾಯಿಯೂ ಮಗನೂ ಪಾಲಕತ್ವದ ಅರ್ಜಿ ಕೊಡಲು ಜಿಲ್ಲಾಧಿಕಾರಿಗಳ ಕಚೇರಿಗೆ ಹೋಗುತ್ತಾರೆ. ಸಂಘದಿಂದ ಇಬ್ಬರು ಜೊತೆಗೆ ಹೋಗುತ್ತಿದ್ದಾರೆ. ತಿರಸ್ಕಾರದ ಕಾರಣವನ್ನು ಬರಹದಲ್ಲಿ ಕೇಳುವ ಕಾಗದವನ್ನು ವಿಮಾ ಶಾಖೆಗೆ ಅದೇ ದಿನ ಕೊಡಲಾಗುವುದು. ಮನೆಯಲ್ಲಿ ಇಂಥ ಮಗನೋ ಮಗಳೋ ತಮ್ಮನೋ ಇರುವವರು ಅಂಗವೈಕಲ್ಯದ ಗುರುತಿನ ಚೀಟಿ, ಆಧಾರ್, ಪಾಸ್‌ಬುಕ್ಕಿನ ನಕಲುಗಳೊಡನೆ ಸಂಜೆ ಪಾಳಿ ಬಿಟ್ಟ ಮೇಲೆ ಸಂಘದ ಕಚೇರಿಗೆ ಬರಲಿ. ಅವರನ್ನೂ ಕರೆದುಕೊಂಡೇ ಬನ್ನಿ. ಕುರ್ಚಿಗಳಿವೆ.